ರೋಬಸ್ಟಾ ಕಾಫಿಗೆ 40 ಸೆಂಟ್ ಮಳೆ ಬಿತ್ತು, ಈಗ ಜೆಟ್ (ಸ್ಪ್ರಿಂಕ್ಲರ್) ಹಾಕೋದಾ ಇಲ್ಲ ಕಾಯೋದಾ?

ತೋಟದ_ಹುಡುಗ_ಮೂಡಿಗೆರೆ

ಎಲ್ರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಹತ್ರ, ಹೆಚ್ಚಿಗೆ ರೋಬಸ್ಟಾ, ಹಳೇ ಎಸ್ 274 ತಳಿ ಜೊತೆಗೆ ಒಂದು ಬ್ಲಾಕ್ ಸಿ ಬೈ ಆರ್ ತಳಿ, ಮೇಲ್ಗಡೆ ಸ್ವಲ್ಪ ಅರೇಬಿಕಾ. ಕುಯ್ಲು ಮುಗ್ದು ತೋಟ ಚೆನ್ನಾಗಿ ಒಣಗಿ ಕೂತಿತ್ತು, ಮೊಗ್ಗು ಗಿಣ್ಣು ಗಿಣ್ಣಿಗೂ ಗುತ್ತಾಗಿದೆ. ನಿನ್ನೆ ಸಂಜೆ ಗುಡುಗು ಸಿಡಿಲು ಊರೇ ಕಿತ್ಕೊಂಡು ಹೋಗೋ ತರ, ಬೆಳಗ್ಗೆ ಮಳೆ ಗೇಜ್ ನೋಡಿದ್ರೆ ಬರೀ 40 ಸೆಂಟ್, ಅಂದ್ರೆ 0.4 ಇಂಚು. ಕೆರೆಲಿ ನೀರು ಒಂದು ರೌಂಡ್ ಬ್ಲಾಸಮ್‌ಗೆ (ಹೂ ಅರಳಿಸೋ ನೀರಿಗೆ) ಸಾಕು, ಹಿಡಿದು ಬಳಸಿದ್ರೆ ಬ್ಯಾಕಿಂಗ್‌ಗೂ (ಹೂವಾದ ಮೇಲೆ ಕೊಡೋ ನೀರಿಗೂ) ಸ್ವಲ್ಪ ಉಳೀಬಹುದು. ಈಗ್ಲೇ ಜೆಟ್ ಹಾಕ್ಲಾ, ಇನ್ನೊಂದು ಮಳೆ ಬರುತ್ತೆ ಅಂತ ಕಾಯ್ಲಾ? ಗೊಬ್ಬರದ ಅಂಗಡಿಯವ್ರು ಬೇರೆ ಒಂದು ಹಾರ್ಮೋನ್ ಬಾಟ್ಲಿ ತೋರಿಸಿ, ಇದು ಹೊಡೆದ್ರೆ ಮಳೆ ಕಮ್ಮಿ ಆದ್ರೂ ಹೂವು ಒಂದೇ ಸಮ ಬಿಡುತ್ತೆ ಅಂತಾರೆ. ಯಾರಾದ್ರೂ ಹೊಡೆದಿದ್ದೀರಾ?

ಸಕಲೇಶಪುರ_ಹಳಬ

ಇದಕ್ಕೆ ಯೋಚ್ನೆ ಎಂತದ್ದು ಮಾರಾಯ. ಇವತ್ತೇ ಪಂಪ್ ಸ್ಟಾರ್ಟ್ ಮಾಡು. 40 ಸೆಂಟ್ ಮಳೆ ರೋಬಸ್ಟಾಗೆ ಬಂದ್ರೆ ಬರ್ದೇ ಇರೋದಕ್ಕಿಂತ ಕಷ್ಟ.

ಸೋಮ್ವಾರಪೇಟೆ_ಕರಿಮೆಣಸು

ಅಷ್ಟು ಅವಸರ ಎಂತಕ್ಕೆ ಅಣ್ಣ. ಅವ್ರ ತೋಟದಲ್ಲಿ ಶೇಡ್ ಹೇಗಿದೆ ಅಂತ ನೀವು ಕೇಳ್ಲೇ ಇಲ್ಲ. ಸಿಲ್ವರ್, ಹಾಲವಾಣ ಇಂಥ ನೆರಳಿನ ಮರ ಎಲ್ಲ ದಟ್ಟ ಇದ್ರೆ ಆ 40 ಸೆಂಟಲ್ಲಿ ಒಂದಿಷ್ಟು ಮರದ ಎಲೆ ಮೇಲೇ ನಿಂತು ಆರಿ ಹೋಗಿರುತ್ತೆ, ಕಾಫಿ ಬುಡಕ್ಕೆ ಬಂದಿದ್ದು ಎಷ್ಟು ಅಂತ ಗೇಜ್ ಹೇಳಲ್ಲ, ಗೇಜ್ ಇರೋದು ಕಣದಲ್ಲಿ. ಮೊದ್ಲು ಗುದ್ದಲಿ ತಗೊಂಡು ನಾಲ್ಕು ಕಡೆ ತರಗು ಸರಿಸಿ ಮಣ್ಣು ಕೆದಕಿ ನೋಡಿ. ತರಗು ಮಾತ್ರ ಒದ್ದೆ ಆಗಿ ಮಣ್ಣು ಧೂಳಾಗೇ ಇದ್ರೆ ಮೊಗ್ಗು ಏಳೋದೇ ಇಲ್ಲ, ಸುಮ್ನೆ ಕಾಯಬಹುದು. ಬೆರಳಷ್ಟು ಆಳ ಒದ್ದೆ ಆಗಿದ್ರೆ ಮಾತ್ರ ಹಳಬರು ಹೇಳಿದ್ದು ಸರಿ.

ಸಕಲೇಶಪುರ_ಹಳಬ

ಕೆದಕೋದು ಕೆದಕ್ಲಿ, ಪಂಪಿಗೆ ಡೀಸೆಲ್ ಹಾಕಿಟ್ಟೇ ಕೆದಕ್ಲಿ.

ಕೊಪ್ಪದ_ಸುಮ

ನಾನು ಬೆಂಗಳೂರಿನ ಜಿಕೆವಿಕೆ ಕೃಷಿ ವಿವಿಲಿ ಕ್ರಾಪ್ ಫಿಸಿಯಾಲಜಿ (ಬೆಳೆ ಗಿಡದೊಳಗೆ ಏನೇನು ನಡೆಯುತ್ತೆ ಅನ್ನೋ ವಿಷ್ಯ) ಓದ್ತಿದೀನಿ, ಅಪ್ಪಂದು ಕೊಪ್ಪ ಕಡೆ ಸಣ್ಣ ತೋಟ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿ ಹೋಗಿ.

ಕಾಫಿ ಮೊಗ್ಗು ಹುಟ್ಟೋದು ಹೂ ಮಳೆ ಬಿದ್ಮೇಲೆ ಅಲ್ಲ, ಅದು ಮಳೆಗಾಲ ಮುಗಿಯೋ ಹೊತ್ತಿಗೇ ಶುರುವಾಗಿರುತ್ತೆ. ಅರೇಬಿಕಾದಲ್ಲಿ ಹಗಲು ಚಿಕ್ಕದಾಗ್ತಾ ಬರೋದೇ ಅದಕ್ಕೆ ಸಿಗ್ನಲ್. ಆಮೇಲೆ ಮೊಗ್ಗು ಬೆಳೆದು ಬೆಳೆದು 4ರಿಂದ 6 ಮಿಲಿಮೀಟರ್ ಆದಾಗ ಹಾಗೇ ನಿಂತ್ಬಿಡುತ್ತೆ. ಈಗ ಒಂದು ಗಿಣ್ಣು ಮುಟ್ಟಿ ನೋಡಿ, ಹಸಿರು ಮೊಗ್ಗುಗಳ ಮೇಲೆ ಗೋಂದು ಬಳಿದಂಗೆ ಕಂದು ಬಣ್ಣದ ಅಂಟು ಇರುತ್ತೆ, ಅದನ್ನ ಗಿಡವೇ ಸುರಿಸಿರೋದು, ಒಳಗಿನ ಹಸಿ ಆರದೇ ಇರ್ಲಿ ಅಂತ. ಈ ಸ್ಥಿತಿಲಿ ಮೊಗ್ಗಲ್ಲಿ ಅಬ್ಸಿಸಿಕ್ ಆಸಿಡ್ (ಎಬಿಎ ಅಂತೀವಿ) ಜೋರಾಗಿರುತ್ತೆ, ಜಿಬ್ಬರೆಲಿನ್ ಕಮ್ಮಿ. ಎರಡೂ ಗಿಡದ ಹಾರ್ಮೋನ್, ಮೊದಲ್ನೇದು ಬೆಳವಣಿಗೆನ ತಡೆಯೋದು, ಎರಡನೇದು ತಳ್ಳೋದು.

ಇಲ್ಲಿ ಜನ ತಪ್ಪು ತಿಳ್ಕೊಳ್ಳೋದು ಏನಂದ್ರೆ ನೀರಿಲ್ಲ ಅದಕ್ಕೇ ಮೊಗ್ಗು ಮಲಗಿದೆ, ನೀರು ಕೊಟ್ರೆ ಯಾವಾಗ ಬೇಕಾದ್ರೂ ಏಳುತ್ತೆ ಅಂತ. ಹಾಗಲ್ಲ. ಒಣಗೋದೂ ಹೂವಿನ ಕೆಲಸದಲ್ಲೇ ಒಂದು ಹಂತ. ಬ್ರೆಜಿಲ್‌ನ ಪಾಲೊ ಆಲ್ವಿಮ್ ಅನ್ನೋ ವಿಜ್ಞಾನಿ 1960ರಲ್ಲಿ ಸೈನ್ಸ್ ಪತ್ರಿಕೆಲಿ ಇದನ್ನೇ ಬರೆದಿದ್ದು, ಬಿಡದೆ ನೀರು ಕೊಟ್ಕೊಂಡು ಬಂದ ಕಾಫಿ ಗಿಡಗಳ ಮೊಗ್ಗು ಅರಳ್ಲೇ ಇಲ್ಲ, ಒಣಗಿಸಿ ಆಮೇಲೆ ನೀರು ಕೊಟ್ಟವು ಅರಳಿದ್ವು. ಎಷ್ಟು ಒಣಗಬೇಕು ಅನ್ನೋದನ್ನ 90ರ ದಶಕದಲ್ಲಿ ಹವಾಯಿಲಿ ಅಳೆದ್ರು, ಬೆಳಗಿನ ಜಾವ ಸೂರ್ಯ ಹುಟ್ಟೋಕೆ ಮುಂಚೆ ಎಲೆಲಿರೋ ನೀರಿನ ಎಳೆತ ಸುಮಾರು ಮೈನಸ್ 0.8 ಮೆಗಾಪ್ಯಾಸ್ಕಲ್‌ಗಿಂತ ಕೆಳಗೆ ಹೋಗಿದ್ರೆ ಮಾತ್ರ ಮೊಗ್ಗು ನೀರಿಗೆ ಓಗೊಡುತ್ತೆ. ಅದನ್ನ ಅಳೆಯೋ ಮೆಷಿನ್ ನಮ್ಮತ್ರ ಯಾರತ್ರನೂ ಇರಲ್ಲ ಬಿಡಿ. ನಮ್ಮಪ್ಪ ನೋಡೋದು ಎಲೆ. ಮಧ್ಯಾಹ್ನ ಜೋತು ಬಿದ್ದು ಬೆಳಗ್ಗೆ ಪೂರ್ತಿ ನೆಟ್ಟಗಾದ್ರೆ ಇನ್ನೂ ಸ್ಟ್ರೆಸ್ (ಒಣಗಿದ್ದು) ಸಾಲ್ದು, ಬೆಳಗ್ಗೆನೂ ಸ್ವಲ್ಪ ಸಪ್ಪೆ ಕಾಣ್ತಿದ್ರೆ ಸಿದ್ಧ, ಬೆಳಗ್ಗೆನೂ ಪೂರ್ತಿ ಬಾಡಿ ಎಲೆ ಉದುರ್ತಾ ಇದ್ರೆ ಹೆಚ್ಚಾಯ್ತು.

ಇನ್ನು 40 ಸೆಂಟ್ ವಿಷ್ಯ. ಅದು ಹತ್ತು ಮಿಲಿಮೀಟರ್. ಈ ಬಿಸಿಲಿಗೆ ಎರಡ್ಮೂರು ದಿನದಲ್ಲಿ ಹಾರಿ ಹೋಗೋ ನೀರು. ಆದ್ರೆ ಅಷ್ಟರೊಳಗೆ ಮೇಲ್ಮಣ್ಣಲ್ಲಿರೋ ಸಣ್ಣ ಬೇರು ಕುಡಿದಿರುತ್ತೆ, ಮಳೆ ಜೊತೆ ಗಾಳಿನೂ ಏಕಾಏಕಿ ತಣ್ಣಗಾಗಿರುತ್ತೆ (ಬರೀ ಆ ತಂಪಿಗೇ ಅಲುಗೋ ಮೊಗ್ಗುಗಳೂ ಇವೆ). ಪೂರ್ತಿ ಬಲಿತಿದ್ದ ಮೊಗ್ಗು ಅಂಟು ಒಡ್ಕೊಂಡು ಉಬ್ಬೋಕೆ ಶುರು ಮಾಡುತ್ತೆ, ಬಿಳಿ ಕ್ಯಾಂಡಲ್ (ಇನ್ನೂ ಅರಳದ ಉದ್ದ ಮೊಗ್ಗು) ಆಗುತ್ತೆ, ಅಲ್ಲಿಗೆ ನೀರು ಖಾಲಿ. ಒಂದ್ಸಲ ಹೊರಟ ಮೊಗ್ಗು ವಾಪಸ್ ಮಲಗಲ್ಲ, ಕ್ಯಾಂಡಲ್‌ನಲ್ಲೇ ಸುಟ್ಟು ಹೋಗುತ್ತೆ. ಉಳಿದ ಅರ್ಧ ಮಲಗೇ ಇರುತ್ತೆ, ಮುಂದಿನ ಮಳೆಗೆ ಅವು ಅರಳುತ್ವೆ, ಕೊಯ್ಲು ಎರಡಾಗುತ್ತೆ.

ಹಾಗಾಗಿ ಮಣ್ಣು ಒದ್ದೆ ಆಗಿದ್ರೆ ಎರಡು ಮೂರು ದಿನದ ಒಳಗೆ ರೋಬಸ್ಟಾಗೆ ಜೆಟ್‌ನಲ್ಲಿ ಇನ್ನೊಂದು ಇಂಚು ತುಂಬ್ಸಿ ಬಿಡಿ.

ತೋಟದ_ಹುಡುಗ_ಮೂಡಿಗೆರೆ

ತುಂಬಾ ಥ್ಯಾಂಕ್ಸ್ ಅಕ್ಕ. ಕೆದಕಿ ನೋಡ್ದೆ, ಕೆಳಗಿನ ಬ್ಲಾಕಲ್ಲಿ ಮಣ್ಣು ಒದ್ದೆ ಆಗಿದೆ, ರಸ್ತೆ ಪಕ್ಕದ ದಟ್ಟ ಶೇಡ್ ಕಡೆ ಬರೀ ತರಗು. ನಾಳೆ ಬೆಳಗ್ಗೆಯಿಂದ ಕೆಳಗಿನ ಬ್ಲಾಕ್ ಶುರು ಮಾಡ್ತೀನಿ. ಒಂದು ಡೌಟ್. ಪಕ್ಕದ ತೋಟದವ್ರು ಡಿಸೆಂಬರಿಂದ್ಲೇ ಹದಿನೈದು ದಿನಕ್ಕೊಂದ್ಸಲ ನೀರು ಬಿಡ್ತಾ ಬಂದಿದ್ದಾರೆ, ಬೋರ್ ಚೆನ್ನಾಗಿದೆ ಅವ್ರಿಗೆ. ಗಿಡ ನೋಡೋಕೆ ಹಸಿರು ಹಸಿರು, ಆದ್ರೆ ಹೂವು ಅಲ್ಲೊಂದು ಇಲ್ಲೊಂದು ಜನವರಿಯಿಂದ ಬಿಡ್ತಾನೇ ಇದೆ. ಇದು ನೀವು ಹೇಳಿದ್ದೇನಾ?

ಕೊಪ್ಪದ_ಸುಮ

ಅದೇ ಅದೇ. ಹಸಿರು ಗಿಡ ಅಂದ್ರೆ ಆರೋಗ್ಯ ಅಂತ ನಾವು ಅಂದ್ಕೋತೀವಿ, ಹೂವಿನ ಲೆಕ್ಕಕ್ಕೆ ಅದು ಬೇರೆ. ಎಲ್ಲ ಮೊಗ್ಗೂ ಒಂದೇ ದಿನ ಬಲಿಯಲ್ಲ, ಮೊದ್ಲು ಹುಟ್ಟಿದ್ದು ಮೊದ್ಲು ಬಲಿತಿರುತ್ತೆ. ಒಣಗೋ ಕಾಲದಲ್ಲಿ ಆಗೋದೇ ಅದು, ಮುಂದೆ ಇದ್ದದ್ದು ನಿಂತು ಕಾಯುತ್ತೆ, ಹಿಂದೆ ಇದ್ದದ್ದು ಬಂದು ಸೇರ್ಕೊಳ್ಳುತ್ತೆ, ಆಮೇಲೆ ಒಂದು ನೀರಿಗೆ ಎಲ್ಲಾ ಒಟ್ಟಿಗೆ. ಮಧ್ಯೆ ಮಧ್ಯೆ ನೀರು ಕೊಟ್ರೆ ಕಾಯೋದೇ ಇಲ್ಲ, ಯಾವ್ಯಾವುದು ಸಿದ್ಧ ಇದೆಯೋ ಅದು ಹೊರಟ್ಬಿಡುತ್ತೆ. 2021ರ ಜನವರಿಲಿ ಅಕಾಲಿಕ ಮಳೆ ಬಂದಾಗ ಎಲ್ರ ತೋಟದಲ್ಲೂ ಹೀಗೇ ಆಗಿದ್ದಲ್ವಾ, ಗಿಡದಲ್ಲಿ ಹಣ್ಣೂ ಇತ್ತು ಹೂವೂ ಇತ್ತು, ಕುಯ್ಯೋಕೆ ಹೋದ್ರೆ ಹೂವು ಉದುರ್ತಿತ್ತು.

ಭಾರಿ_ಮಳೆ_ಕಳಸ

ಅದನ್ನ ನೆನಪಿಸ್ಬೇಡಿ ದಯವಿಟ್ಟು. ಕಣದಲ್ಲಿ ಹರವಿದ್ದ ಕಾಫಿನೂ ನೆಂದು ಮೊಳಕೆ ಬಂತು.

ನಂದೊಂದು ಪ್ರಶ್ನೆ. ಎಷ್ಟೇ ಜೆಟ್ ಹಾಕಿದ್ರೂ ಮಳೆ ಹೂವಿನ ತರ ಬರಲ್ಲ ಅಂತ ನಮ್ಮ ಕಡೆ ಹೇಳ್ತಾರೆ, ಗುಡುಗು ಸಿಡಿಲಲ್ಲಿ ಸಾರಜನಕ ಇಳಿಯುತ್ತೆ ಅದಕ್ಕೆ ಅಂತ. ನಿಜನಾ?

ಕೊಪ್ಪದ_ಸುಮ

ಸಿಡಿಲಿಗೆ ಸಾರಜನಕ ಸ್ವಲ್ಪ ನೆಲಕ್ಕೆ ಬರೋದು ನಿಜ, ಆದ್ರೆ ಒಂದು ಮಳೆಲಿ ಬರೋದು ನೀವು ಹಾಕೋ ಯೂರಿಯಾ ಮುಂದೆ ಏನೂ ಅಲ್ಲ, ಮೊಗ್ಗು ಅರಳೋಕೂ ಅದಕ್ಕೂ ಸಂಬಂಧ ಇಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಮಳೆ ಬಂದ್ರೆ ಇಡೀ ಗುಡ್ಡ ತಣ್ಣಗಾಗುತ್ತೆ, ಮೋಡ ಇರುತ್ತೆ, ಗಾಳಿಲಿ ತೇವ ಎರಡು ದಿನ ನಿಲ್ಲುತ್ತೆ. ಜೆಟ್ ಹಾಕಿದ್ರೆ ಪೈಪ್ ಶಿಫ್ಟ್ ಮಾಡಿದ ಅರ್ಧ ಗಂಟೆಗೆ ಮತ್ತೆ ಸುಡು ಬಿಸಿಲು. ಇನ್ನೊಂದು, ಜೆಟ್‌ನ ನೀರು ಎಲ್ಲಾ ಕಡೆ ಸಮ ಬೀಳಲ್ಲ.

ಸೋಮ್ವಾರಪೇಟೆ_ಕರಿಮೆಣಸು

ಹೌದು, ಎರಡು ಜೆಟ್ ಮಧ್ಯೆ ಇರೋ ಗಿಡ ಯಾವಾಗ್ಲೂ ಅನಾಥ.

ವಿಯೆಟ್ನಾಂ ಡಾಕ್ ಲಾಕ್ ಕಡೆ ಅವ್ರು ಜೆಟ್ಟೇ ಬೇಡ ಅಂತ ಗಿಡದ ಬುಡಕ್ಕೆ ಪಾತಿ ಮಾಡಿ ಪೈಪ್ ಹಿಡ್ಕೊಂಡು ತುಂಬಿಸ್ತಾರೆ. ಅವ್ರದ್ದೂ ರೋಬಸ್ಟಾನೇ, ಚೆನ್ನಾಗೇ ಹೂವು ಬಿಡುತ್ತೆ. ಅಂದ್ರೆ ಮೇಲಿಂದ ನೆನೀಬೇಕು ಅಂತೇನಿಲ್ಲ, ಬೇರಿಗೆ ಸಿಕ್ರೆ ಸಾಕು ಅಂತ ಆಯ್ತಲ್ಲ.

ಕೊಪ್ಪದ_ಸುಮ

ಬೇರಿಗೆ ಸಿಗೋದೇ ಮುಖ್ಯ ಅನ್ನೋಕೆ ಈಚೆಗೆ ಇನ್ನೊಂದು ಆಧಾರನೂ ಸಿಕ್ಕಿದೆ. ಬ್ರೆಜಿಲ್‌ನ ಲಾವ್ರಾಸ್ ವಿಶ್ವವಿದ್ಯಾಲಯದವ್ರು ಎಥಿಲಿನ್ ಹಿಂದೆ ಬಿದ್ದಿದ್ದಾರೆ. ಎಥಿಲಿನ್ ಅಂದ್ರೆ ಬಾಳೆಹಣ್ಣು ಹಣ್ಣಾಗಿಸೋ ಅದೇ ಗ್ಯಾಸು, ಗಿಡ ತಾನೇ ತಯಾರ್ ಮಾಡ್ಕೊಳ್ಳುತ್ತೆ. ಅದರ ಕಚ್ಚಾ ಮಾಲು ಎಸಿಸಿ ಅಂತ ಒಂದಿದೆ. ಬರಗಾಲದಲ್ಲಿ ಇದು ಬೇರಲ್ಲಿ ಸೇರ್ತಾ ಹೋಗುತ್ತೆ, ನೀರು ಬಿದ್ದ ಕೂಡ್ಲೇ ನೀರಿನ ಜೊತೆ ಮೇಲಕ್ಕೆ ಏರುತ್ತೆ, ಮೊಗ್ಗು ಅರಳೋದ್ರಲ್ಲಿ ಇದರ ಪಾತ್ರ ಇದೆ ಅಂತ ಅವ್ರ ವಾದ. ಇದು ಸರಿ ಅಂತಾದ್ರೆ ಒಣಗದೇ ಇರೋ ಬೇರಲ್ಲಿ ಕಳಿಸೋಕೆ ಸರಕೇ ಇರಲ್ಲ, ಪಕ್ಕದ ತೋಟದ ಕಥೆ ಅದಕ್ಕೂ ಹೊಂದುತ್ತೆ.

ಗಿರಿ_ಅರೇಬಿಕಾ

ಎಲ್ಲಾ ಸರಿ, ಅಂಗಡಿ ಬಾಟ್ಲಿ ವಿಷ್ಯ ಯಾರೂ ಹೇಳ್ಲಿಲ್ಲ. ನಮ್ಮ ಕಡೆನೂ ಬಂದಿದೆ, ಲೇಬಲ್ ಮೇಲೆ ಜಿಬ್ಬರೆಲಿಕ್ ಆಸಿಡ್ ಅಂತಿದೆ. ವಿಜ್ಞಾನದ ಪ್ರಕಾರ ಜಿಬ್ಬರೆಲಿನ್ ಮೊಗ್ಗನ್ನ ಏಳಿಸುತ್ತೆ ಅಂತ ನೀವೇ ಹೇಳಿದ್ರಿ. ಹಾಗಿದ್ರೆ ಹೊಡೆಯೋದ್ರಲ್ಲಿ ತಪ್ಪೇನು?

ಕೊಪ್ಪದ_ಸುಮ

ಒಳ್ಳೇ ಪ್ರಶ್ನೆ ಸರ್. ಪ್ರಯೋಗದಲ್ಲಿ ನಿಜಕ್ಕೂ ಕೆಲಸ ಮಾಡಿದೆ, ಸ್ಟ್ರೆಸ್ ಸ್ವಲ್ಪ ಕಮ್ಮಿ ಬಿದ್ದಿದ್ದ ಗಿಡಕ್ಕೆ ಜಿಎ (ಅದೇ ಜಿಬ್ಬರೆಲಿಕ್ ಆಸಿಡ್) ಕೊಟ್ಟಾಗ ಆ ಕೊರತೆ ತುಂಬಿ ಹೂವು ಬಂದಿದೆ. ಆದ್ರೆ ಗಮನಿಸಿ, ಅದು ತುಂಬಿದ್ದು ಸ್ಟ್ರೆಸ್‌ನ ಕೊರತೆನ, ನೀರಿನ ಕೊರತೆನ ಅಲ್ಲ. ಇವ್ರಿಗೆ ಸ್ಟ್ರೆಸ್ ಬೇಕಾದಷ್ಟಿದೆ, ಇಲ್ದೇ ಇರೋದು ನೀರು. ಮೊಗ್ಗು ಅರಳೋದು ಅಂದ್ರೆ ಹತ್ತೇ ದಿನದೊಳಗೆ ಹಲವು ಪಟ್ಟು ಉದ್ದ ಆಗೋದು, ಜೀವಕೋಶ ಹಿಗ್ಗೋದೇ ನೀರು ತುಂಬ್ಕೊಂಡು. ಹಾರ್ಮೋನ್ ಹೋಗು ಅನ್ನುತ್ತೆ, ಹೋಗೋಕೆ ಬೇಕಾದ್ದು ಬಾಟ್ಲಿಲಿ ಇಲ್ಲ. ಹೊಡೆದ್ರೆ ಮಲಗಿ ಉಳೀಬೇಕಾಗಿದ್ದ ಮೊಗ್ಗನ್ನೂ ಎಬ್ಬಿಸಿ ಕ್ಯಾಂಡಲ್‌ನಲ್ಲಿ ಸುಟ್ಟಂಗಾಗುತ್ತೆ. ಬಲಿಯದೇ ಇರೋ ಮೊಗ್ಗಿಗಂತೂ ಏನು ಹೊಡೆದ್ರೂ ಅಷ್ಟೇ.

ಸಕಲೇಶಪುರ_ಹಳಬ

ಆ ದುಡ್ಡಿಗೆ ಡೀಸೆಲ್ ಬರುತ್ತೆ. ಅಷ್ಟೇ ನಾನು ಹೇಳೋದು.

ಗಿರಿ_ಅರೇಬಿಕಾ

ಒಪ್ದೆ. ನಮ್ದು ಮೂರೂವರೆ ಸಾವಿರ ಅಡಿ ಮೇಲೆ ಸೆಲೆಕ್ಷನ್ 795 ಮತ್ತೆ ಚಂದ್ರಗಿರಿ ಅರೇಬಿಕಾ ತಳಿ, ನೀರಾವರಿ ಇಲ್ಲ, ಮಳೆ ಬಂದ್ರೆ ಹೂವು. ಕಳೆದೆರಡು ಬೇಸಿಗೆ ಒಂದು ವಿಚಿತ್ರ ನೋಡ್ತಿದೀನಿ, ಮಳೆ ಬಂದ ಮೇಲೆ ಕೆಲವು ಗಿಡದಲ್ಲಿ ಹೂವು ಪೂರ್ತಿ ಅರಳದೆ ಸಣ್ಣದಾಗಿ ಹಸಿರು ಮಿಶ್ರಿತ ಬಿಳಿ, ನಕ್ಷತ್ರದ ತರ ಗಟ್ಟಿ ಎಸಳು, ಘಮನೂ ಇಲ್ಲ. ಒಂದೂ ಕಾಯಿ ಕಟ್ಲಿಲ್ಲ. ದಕ್ಷಿಣಕ್ಕೆ ಮುಖ ಇರೋ, ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಜಾಸ್ತಿ ಆಗಿರೋ ಜಾಗದಲ್ಲೇ ಹೆಚ್ಚು.

ಕೊಪ್ಪದ_ಸುಮ

ಅದಕ್ಕೆ ಸ್ಟಾರ್ ಫ್ಲವರ್ ಅಂತಾನೇ ಹೆಸರು. ಮೊಗ್ಗು ಬೆಳೆಯೋ ಹೊತ್ತಲ್ಲಿ ಬಿಸಿಲು ಹೆಚ್ಚಾಗಿ ಮಣ್ಣೂ ಒಣಗಿದ್ರೆ ಹೂವಿನ ಭಾಗಗಳು ಪೂರ್ತಿ ಆಗದೆ ಹಾಗೇ ತೆರ್ಕೊಳ್ಳುತ್ತೆ. ಅರೇಬಿಕಾ ಮೂಲತಃ ಇಥಿಯೋಪಿಯಾದ ಎತ್ತರದ ಕಾಡಿನ ನೆರಳಿನ ಗಿಡ, 30 ಡಿಗ್ರಿ ದಾಟಿದ್ರೆ ಅದಕ್ಕೆ ಹಿಂಸೆ. ಇದಕ್ಕೆ ಸ್ಪ್ರೇ ಮದ್ದಿಲ್ಲ ಸರ್. ಆ ಜಾಗದಲ್ಲಿ ಈ ವರ್ಷ ಮರಗಸಿ ಮಾಡ್ಬೇಡಿ, ಬೋರರ್ (ಕಾಂಡ ಕೊರೆಯೋ ಹುಳು) ಕಾಟಕ್ಕೂ ಅದೇ ಒಳ್ಳೇದು. ಹಾಗಂತ ಶೇಡ್ ತುಂಬಾ ದಟ್ಟ ಬಿಟ್ರೆ ಮೊಗ್ಗೇ ಕಮ್ಮಿ ಕೂರುತ್ತೆ, ಬೆಳಕು ಬಿದ್ದ ಗಿಣ್ಣಿಗೇ ಮೊಗ್ಗು ಜಾಸ್ತಿ. ಈ ತೂಗಾಟ ತಪ್ಪಿದ್ದಲ್ಲ.

ಜೇನು_ಪೆಟ್ಟಿಗೆ_ವಿರಾಜಪೇಟೆ

ರೋಬಸ್ಟಾದವ್ರು ಒಂದು ವಿಷ್ಯ ಮರೀತಿದ್ದೀರಿ. ನೀರು ಬಿದ್ದ ಏಳರಿಂದ ಒಂಬತ್ತನೇ ದಿನಕ್ಕೆ ಹೂವು, ಆ ಎರಡು ದಿನ ದಯವಿಟ್ಟು ಪಕ್ಕದ ಬ್ಲಾಕಲ್ಲೂ ಜೆಟ್ ತಿರುಗಿಸ್ಬೇಡಿ, ಕೀಟನಾಶಕದ ಹೆಸ್ರೂ ಎತ್ಬೇಡಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಕೊಳ್ಳುತ್ತೆ, ರೋಬಸ್ಟಾಗೆ ಅದು ಆಗಲ್ಲ, ಬೇರೆ ಗಿಡದ ಪರಾಗವೇ ಬೇಕು, ತನ್ನದು ಬಿದ್ರೆ ಒಳಗೆ ಇಳಿಯೋಕೇ ಬಿಡಲ್ಲ. ಗಾಳಿಲೂ ಬರುತ್ತೆ, ಹೆಜ್ಜೇನು ತುಡುವೆ ಬಂದ್ರೆ ಕಾಯಿ ಇನ್ನೂ ಚೆನ್ನಾಗಿ ಕಟ್ಟುತ್ತೆ. ಸಿ ಬೈ ಆರ್ ಬ್ಲಾಕ್ ಒಂದೇ ಗಿಡದ ಕಸಿಯಿಂದ ಮಾಡಿದ್ದಾ ಅಥವಾ ಬೀಜದ ಸಸಿನಾ? ಒಂದೇ ತಾಯಿದು ಆಗಿದ್ರೆ ಹೂವು ಎಷ್ಟು ಬಿಟ್ರೂ ಕಾಯಿ ಅಷ್ಟಕ್ಕಷ್ಟೇ, ಮಧ್ಯೆ ಮಧ್ಯೆ ಬೇರೆ ಗಿಡ ಇರ್ಲೇಬೇಕು.

ತೋಟದ_ಹುಡುಗ_ಮೂಡಿಗೆರೆ

ಬೀಜದ ಸಸಿ ಸರ್, ಅಪ್ಪ ತಂದು ಹಾಕಿದ್ದು. ಬಚಾವ್.

ಕೆಳಗಿನ ಬ್ಲಾಕ್ ನಿನ್ನೆಗೆ ಮುಗೀತು. ಮುಂದಿಂದು ಕೇಳ್ಬಿಡ್ತೀನಿ. ಬ್ಯಾಕಿಂಗ್ ಯಾವಾಗ? ಮತ್ತೆ ಪ್ರತಿ ವರ್ಷ ಜುಲೈನಲ್ಲಿ ಕಾಯಿ ಉದುರಿ ನೆಲ ಹಸಿರಾಗುತ್ತೆ, ಅದಕ್ಕೆ ಪ್ಲಾನೋಫಿಕ್ಸ್ ಹೊಡೀರಿ ಅಂತ ತೋಟದ ರೈಟರ್ (ಮೇಲ್ವಿಚಾರಕರು) ಹೇಳ್ತಾರೆ. ಅದೂ ಹಾರ್ಮೋನೇ ಅಲ್ವಾ, ಅದನ್ನೂ ಬೇಡ ಅಂತೀರಾ?

ಕೊಪ್ಪದ_ಸುಮ

ಹಾರ್ಮೋನ್ ಅಂದ ಕೂಡ್ಲೇ ಬೇಡ ಅನ್ನೋಳಲ್ಲ ನಾನು 🙂

ಬ್ಯಾಕಿಂಗ್ ಹೂವಾದ ಮೇಲೆ ಹದಿನೈದು ಇಪ್ಪತ್ತು ದಿನಕ್ಕೆ, ಒಂದು ಇಂಚಿನ ಹತ್ರ. ರೋಬಸ್ಟಾ ಕಾಯಿ ಕಟ್ಟಿದ ಮೇಲೆ ಸುಮಾರು ಎರಡು ತಿಂಗಳು ಪಿನ್ ಹೆಡ್ (ಗುಂಡುಸೂಜಿ ತಲೆ) ಸೈಜಲ್ಲೇ ಇರುತ್ತೆ, ಬೆಳೆದಂಗೇ ಕಾಣಲ್ಲ. ಬೇರು ಮೇಲ್ಮಣ್ಣಲ್ಲೇ ಜಾಸ್ತಿ ಇರೋದ್ರಿಂದ ಆ ಹೊತ್ತಲ್ಲಿ ಬಹಳ ಒಣಗಿದ್ರೆ ಪಿನ್ ಹೆಡ್ಡೇ ಕಪ್ಪಾಗಿ ಬೀಳುತ್ತೆ. ನೀರು ಕಮ್ಮಿ ಇದ್ರೆ ಬ್ಲಾಸಮ್‌ಗೆ ಹಾಕಿದ ಬ್ಲಾಕ್‌ಗಷ್ಟೇ ಬ್ಯಾಕಿಂಗ್ ಉಳಿಸ್ಕೊಳ್ಳಿ, ತರಗು ಮಾತ್ರ ನೆನೆದಿದ್ದ ಆ ರಸ್ತೆ ಬದಿ ಬ್ಲಾಕ್ ಮಳೆಗೇ ಬಿಡಿ. ಎಲ್ಲಾ ಕಡೆ ಅರ್ಧರ್ಧ ಹಾಕೋದಕ್ಕಿಂತ ಇದು ವಾಸಿ.

ಜುಲೈ ಉದುರು ಪೂರ್ತಿ ಉಲ್ಟಾ ಕಥೆ, ಅಲ್ಲಿ ನೀರು ಹೆಚ್ಚಾಗಿದ್ದು. ಮಣ್ಣಲ್ಲಿ ನೀರು ನಿಂತು ಬೇರಿಗೆ ಉಸಿರಾಡೋಕೆ ಗಾಳಿ ಸಿಗಲ್ಲ, ಆಗಲೂ ಬೇರಲ್ಲಿ ಅದೇ ಎಸಿಸಿ ತಯಾರಾಗಿ ಮೇಲೆ ಬರುತ್ತೆ, ಮೇಲೆ ಗಾಳಿ ಸಿಕ್ಕಿ ಎಥಿಲಿನ್ ಆಗುತ್ತೆ. ಮೊಗ್ಗು ಅರಳೋಕೆ ನೆರವಾದ ಅದೇ ಗ್ಯಾಸು ಈಗ ಕಾಯಿ ತೊಟ್ಟಿನ ಬುಡದಲ್ಲಿ ಕತ್ತರಿ ಆಡಿಸುತ್ತೆ. ಕಾಯಿ ಚೆನ್ನಾಗಿ ಬೆಳೀತಿದ್ರೆ ಅದರಿಂದ ಆಕ್ಸಿನ್ ಅನ್ನೋ ಹಾರ್ಮೋನ್ ತೊಟ್ಟಿನ ಮೂಲಕ ಇಳೀತಾನೇ ಇರುತ್ತೆ, ಅದು ಇಳೀತಿರೋ ತನಕ ತೊಟ್ಟು ಎಥಿಲಿನ್ ಮಾತು ಕೇಳಲ್ಲ. ಮೋಡ ಕವಿದು ವಾರಗಟ್ಲೆ ಬಿಸಿಲಿಲ್ದೆ ಕಾಯಿ ಸೊರಗಿದಾಗ ಆ ಹರಿವು ಕಮ್ಮಿ ಆಗುತ್ತೆ. ಪ್ಲಾನೋಫಿಕ್ಸ್‌ನಲ್ಲಿ ಇರೋದು ಎನ್ಎಎ, ಕೃತಕ ಆಕ್ಸಿನ್. ಹೊರಗಿಂದ ಆ ಕೊರತೆ ತುಂಬುತ್ತೆ, ಹಾಗಾಗಿ ಇಲ್ಲಿ ಲಾಜಿಕ್ ಸರಿ ಇದೆ.

ಆದ್ರೆ ಡೋಸ್! ಇದೇ ಎನ್ಎಎನ ಸೇಬು ಬೆಳೆಯೋವ್ರು ಕಾಯಿ ಎಳೇದಿದ್ದಾಗ ಅದನ್ನ ಉದುರಿಸೋಕೆ, ಅಂದ್ರೆ ತೆಳುವು ಮಾಡೋಕೆ ಹೊಡೀತಾರೆ. ಯಾಕಂದ್ರೆ ಆಕ್ಸಿನ್ ಜಾಸ್ತಿ ಆದ್ರೆ ಗಿಡವೇ ಎಥಿಲಿನ್ ಮಾಡೋಕೆ ಶುರು ಮಾಡುತ್ತೆ. ಒಂದು ಬ್ಯಾರಲ್‌ಗೆ ಎಷ್ಟು ಅಂತ ಬಾಳೆಹೊನ್ನೂರು ಸಂಶೋಧನಾ ಕೇಂದ್ರದವ್ರನ್ನ ಇಲ್ಲ ನಿಮ್ಮ ಹೋಬಳಿ ಕಾಫಿ ಬೋರ್ಡ್ ಆಫೀಸಲ್ಲಿ ಕೇಳಿ ಅಳತೆ ಕಪ್ಪಲ್ಲೇ ಹಾಕಿ. ಮುಚ್ಚಳದಲ್ಲಿ ಅಂದಾಜಿಗೆ ಸುರಿದು ಇನ್ನೊಂದ್ ಸ್ವಲ್ಪ ಇರ್ಲಿ ಅನ್ನೋ ಅಭ್ಯಾಸ ಇದೆಯಲ್ಲ, ಅದು ಈ ಮದ್ದಿಗೆ ಆಗಲ್ಲ. ಅದಕ್ಕಿಂತ ಮೊದ್ಲು ಮೇ ತಿಂಗಳಲ್ಲಿ ಚರಂಡಿ ಬಿಡಿಸಿ, ತೊಟ್ಟಿಲು ಗುಂಡಿ (ನೀರು ಇಂಗೋ ಗುಂಡಿ) ಹೂಳು ಎತ್ಸಿ, ನೀರು ನಿಲ್ಲೋ ಜಾಗದಲ್ಲಿ ಯಾವ ಹಾರ್ಮೋನೂ ನಡೆಯಲ್ಲ.

ಭಾರಿ_ಮಳೆ_ಕಳಸ

ಒಂದು ಸೇರಿಸ್ತೀನಿ, ಉದುರಿದ್ದೆಲ್ಲಾ ನಷ್ಟ ಅಲ್ಲ. ಮೈ ತುಂಬಾ ಕಾಯಿ ಹಿಡಿದ ಗಿಡ ಮುಂದಿನ ವರ್ಷ ತುದಿ ಒಣಗಿ ಕಡ್ಡಿ ಆಗಿರುತ್ತೆ. ಮಾವು ಬೇಕಿಲ್ದಿದ್ದನ್ನ ತಾನೇ ಮಿಡೀಲೇ ಉದುರಿಸಿ ಬಿಡುತ್ತೆ, ಕಾಫಿಗೆ ಆ ಬುದ್ಧಿ ಕಮ್ಮಿ, ಕಟ್ಟಿದ್ದನ್ನೆಲ್ಲಾ ಸಾಕೋಕೆ ಹೋಗಿ ಎಲೆ ಬೇರು ಎಲ್ಲಾ ಬರಿದು ಮಾಡ್ಕೊಳ್ಳುತ್ತೆ.

ಕೊಪ್ಪದ_ಸುಮ

ಸರಿಯಾಗಿ ಹೇಳಿದ್ರಿ. ಕಾಡಿನ ನೆರಳಲ್ಲಿ ಹೂವೇ ಕಮ್ಮಿ ಬಿಡ್ತಿದ್ದ ಗಿಡ, ಉದುರಿಸೋ ಅಗತ್ಯವೇ ಬಂದಿರ್ಲಿಲ್ಲ ಅದಕ್ಕೆ. ನಾವು ಬಿಸಿಲಿಗೆ ತಂದು ಗೊಬ್ಬರ ಹಾಕಿದ್ಮೇಲೆ ಈ ಸಮಸ್ಯೆ.

ತೋಟದ_ಹುಡುಗ_ಮೂಡಿಗೆರೆ

ಕೊನೇ ಪ್ರಶ್ನೆ. ಒಂದು ಇಂಚು ಆಯ್ತಾ ಅಂತ ಗೊತ್ತಾಗೋದು ಹೇಗೆ? ನಾನು ಗಂಟೆ ಲೆಕ್ಕದಲ್ಲಿ ಪೈಪ್ ಶಿಫ್ಟ್ ಮಾಡಿಸ್ತಿದೀನಿ.

ಸಕಲೇಶಪುರ_ಹಳಬ

ಗಂಟೆ ಲೆಕ್ಕ ನಂಬ್ಬೇಡ. ಕೆರೆ ಇಳಿದಂಗೆ ಪಂಪ್ ಪ್ರೆಶರ್ ಬದಲಾಗುತ್ತೆ, ಗುಡ್ಡದ ಮೇಲೆ ಬೇರೆ ತಗ್ಗಲ್ಲಿ ಬೇರೆ. ನೇರ ಬದಿ ಇರೋ ಖಾಲಿ ಡಬ್ಬ ನಾಲ್ಕೈದು, ಜೆಟ್ ಬುಡದಲ್ಲಿ ಒಂದು, ತುದೀಲಿ ಒಂದು, ಎರಡು ಜೆಟ್ ಮಧ್ಯೆ ಎರಡು ಇಡು, ಸ್ಕೇಲ್ ಹಾಕಿ ನೋಡು. ಅತೀ ಕಮ್ಮಿ ಬಿದ್ದ ಡಬ್ಬ ಮುಕ್ಕಾಲು ಇಂಚು ದಾಟಿದ್ರೆ ಶಿಫ್ಟ್ ಮಾಡು. ಒಂದು ಎಕರೆಗೆ ಒಂದು ಇಂಚು ಅಂದ್ರೆ ಒಂದು ಲಕ್ಷ ಲೀಟರ್ ಹತ್ರ ನೀರು, ಕೆರೆ ಅಳತೆ ಗೊತ್ತಿದ್ರೆ ಎಷ್ಟು ಎಕರೆಗೆ ಸಾಕು ಅಂತ ಅಲ್ಲೇ ಲೆಕ್ಕ ಸಿಗುತ್ತೆ.

ಸೋಮ್ವಾರಪೇಟೆ_ಕರಿಮೆಣಸು

ಆದಷ್ಟೂ ರಾತ್ರಿ ಓಡಿಸಿ, ಮಧ್ಯಾಹ್ನದ ಗಾಳಿಗೆ ಅರ್ಧ ನೀರು ಪಕ್ಕದವ್ರ ತೋಟಕ್ಕೆ ಹೋಗುತ್ತೆ. ಆನೆ ಓಡಾಟ ಇರೋ ಕಡೆಯಾದ್ರೆ ಆಳುಗಳನ್ನ ರಾತ್ರಿ ಕಳಿಸ್ಬೇಡಿ, ಬೆಳಗಿನ ಜಾವ ಬೆಳಕು ಹರಿದ ಮೇಲೆ ಶುರು ಮಾಡಿ ಹತ್ತು ಗಂಟೆಗೆ ನಿಲ್ಸಿ.